ಅಂಗಳ ಕೆತ್ತುವ ದಿನದವರೆಗೆ

"ಮಗಳೊಟ್ಟಿಗೆ ಬಂಗಾರ ಕಳ್ಸಿರ್ ಅಂದೇಳಿ ಎಣ್ಸ್ಕಂಡಿದ್ದೆ ನಾನ್. ಬಿಚ್ಚಿ ಕಂಡ್ರೆ ಗೆಣ್ಸ್! ಹ್ವಾಯ್ ಮಂಜಯ್ಯ, ಬಾ ಕಾಣ್, ನಮ್ಮ ಸೊಸೆ ಗೆಣ್ಸ್ ತಂದಿತ್ತ್!"

ಅಪ್ಪಯ್ಯ ಹೀಗೆ ಕೂಗಿದ್ದು ಅಣ್ಣನ ಮದುವೆಯ ಮರುದಿನ, ನೆಂಟರೆಲ್ಲ ಊಟ ಮುಗಿಸಿ ಜಗಲಿಯಲ್ಲಿ ಎಲೆ ಅಡಿಕೆ ತಟ್ಟೆಯ ಸುತ್ತ ಕುಳಿತಿದ್ದಾಗ. ಅವರ ಕೈಯಲ್ಲಿ ಒಂದು ಹಳೆಯ ಬೆತ್ತದ ಬುಟ್ಟಿ. ಬುಟ್ಟಿ ತುಂಬ ಬೂದಿ. ಬೂದಿಯೊಳಗಿಂದ ಅವರು ಎತ್ತಿ ಹಿಡಿದದ್ದು ಒಣಗಿದ ದಂಟಿಗೆ ಬೆರಳುಗಳ ಹಾಗೆ ಜೋತುಬಿದ್ದ ಗೆಡ್ಡೆಗಳ ಗೊಂಚಲು. ಪಕ್ಕದ ಮನೆಯ ಮಂಜಯ್ಯ ನಕ್ಕ ರಭಸಕ್ಕೆ ಎಲೆಯ ರಸ ಅವನ ಬಿಳಿ ಪಂಚೆಯ ಮೇಲೆಯೇ ಬಿತ್ತು. ಉಳಿದವರೂ ನಕ್ಕರು. ಅವರಿಗೆ ಎಂತ, ಹೊಟ್ಟೆ ತುಂಬಿತ್ತು, ನಗು ಬಿಟ್ಟಿ.

ವಿನಯಾ ಅತ್ತಿಗೆ ಒಳಬಾಗಿಲಲ್ಲಿ ಮಜ್ಜಿಗೆ ತಂಬಿಗೆ ಹಿಡಿದು ನಿಂತಿದ್ದಳು. ನಮ್ಮ ಮನೆಗೆ ಬಂದು ಅವಳಿಗೆ ಇನ್ನೂ ಒಂದು ದಿನ ತುಂಬಿರಲಿಲ್ಲ. ತಂಬಿಗೆಯನ್ನು ಹೊಸ್ತಿಲ ಬದಿಗೆ ಇಟ್ಟು ಒಳಗೆ ಹೋದಳು. ಅವಳ ಗಂಡ, ನನ್ನ ಅಣ್ಣ ರಾಜೇಂದ್ರ, ಕಂಬಕ್ಕೆ ಒರಗಿ ಕುಳಿತಲ್ಲೇ ತಾನೂ ಹಲ್ಲು ಕಿಸಿದ.

ನನಗೆ ತಡೆಯಲಾಗಲಿಲ್ಲ. "ಹೊಸ್ತಾಗಿ ಬಂದ ಹೆಣ್ಣಿಗೆ ಹೀಂಗ್ ಹೇಳುದಾ ಅಪ್ಪಯ್ಯ? ಬಾಯಿ ಇತ್ತ್ ಅಂದೇಳಿ ಎಂತದೂ ಹೇಳುದಾ?"

"ಒಂಬತ್ನೇ ಕ್ಲಾಸಿಗೆ ಶಾಲಿ ಬಿಟ್ಟವ ನೀನ್. ಗೆಣ್ಸ್ ಯಾವ್ದ್, ಬಂಗಾರ ಯಾವ್ದ್ ಅಂದೇಳಿ ನಿಂಗ್ ಹ್ಯಾಂಗ್ ಗೊತ್ತಾತ್ತ್?"

ಮತ್ತೆ ನಗು. ನಾನು ಚಪ್ಪಲಿ ಮೆಟ್ಟಿ ಹೊರಗೆ ಹೋದೆ. ಹೋಗುವಾಗ ಬಾಲ್ದಿಯೊಂದನ್ನು ಒದ್ದೆ. ಅದರಲ್ಲಿ ನೀರಿತ್ತು. ಅದಕ್ಕೂ ನಕ್ಕರು.

ಅಪ್ಪಯ್ಯನ ಹೆಸರು ದುಗ್ಗಪ್ಪ. ಬ್ರಹ್ಮಾವರದಿಂದ ಒಳಗೆ ನಮ್ಮ ಊರಲ್ಲಿ ಅವರು ಎರಡಕ್ಕೆ ಪ್ರಸಿದ್ಧರು. ಒಂದು ಬಾಯಿ. ಅವರಿಗೆ ಯಾರೇ ಒಂದು ಮಾತು ಹೇಳಲಿ, ತಿರುಗಿ ಒಂದೂವರೆ ಹೇಳದೆ ಬಿಟ್ಟವರಲ್ಲ. ಇನ್ನೊಂದು ಅಂಗಳ. ಮಳೆಗಾಲ ಮುಗಿದ ಮೇಲೆ, ಕೊಯ್ಲಿಗೆ ಮುಂಚೆ, ಹುಲ್ಲು ಪಾಚಿ ಹಿಡಿದ ಅಂಗಳವನ್ನು ಎಲ್ಲರೂ ಕೆತ್ತುತ್ತಾರೆ; ನೀರು ಹೊಯ್ದು, ಮಣೆಯಲ್ಲಿ ಬಡಿದು, ಸೆಗಣಿ ಸಾರಿಸಿ ಭತ್ತ ಬಡಿಯಲು ಅಣಿಮಾಡುತ್ತಾರೆ. ಆದರೆ ಅಪ್ಪಯ್ಯನ ಹಾಗೆ ನಾಲ್ಕು ಮೂಲೆಗೆ ಗೂಟ ಹೊಡೆದು, ಹುರಿ ಎಳೆದು, ಒಂದು ಕಣ್ಣು ಮುಚ್ಚಿ ನೋಡಿ, ಹಾವಸೆ ಎದ್ದ ಒಂದು ಬೊಗಸೆ ಮಣ್ಣಿಗೂ ಬೈದು ಮಾಡುವವರು ಇಲ್ಲ. ಬೇರೆ ಮನೆಯವರು ಅಂಗಳ ಮಾಡುವಾಗ ಅವರನ್ನು ಕರೆಯುತ್ತಿದ್ದರು. ಅವರು ಹೋಗಿ ಹೇಳಿಕೊಡುತ್ತಿದ್ದರು, ಬೈಗುಳ ಸಮೇತ.

ಆ ದಿನ ಸಂಜೆ ಅಡುಗೆಮನೆಯಲ್ಲಿ ಅತ್ತಿಗೆ ಗೆಡ್ಡೆಗಳನ್ನು ಮತ್ತೆ ಬೂದಿಯಲ್ಲಿ ಹೂತಿಡುತ್ತಿದ್ದಳು. ಅಮ್ಮ ಚಂದ್ರಮತಿ ಕಾಯಿ ತುರಿಯುತ್ತ ಹೇಳಿದಳು:

"ಅವ್ರ ಬಾಯಿಗೆ ತಲಿ ಕೊಡ್ಬೇಡ ಹೆಣೆ. ಮದಿ ಆದಾಗಿಂದ ಕೇಂತಾ ಇದ್ದೆ ನಾನ್. ನನ್ನ ಕಿವಿ ದಡ್ಡ್ ಬಿದ್ದಿತ್ತ್."

"ಅದ್ ಗೆಣ್ಸಲ್ಲ ಅತ್ತೆ. ಡೇರೆ ಗೆಡ್ಡೆ."

"ಡೇಲಿಯಾ!" ಅಂದಳು ತಂಗಿ ಪ್ರೇಕ್ಷಾ. ಅವಳು ಆಗ ಪಿಯುಸಿ. "ನಮ್ಮ ಪ್ರಿನ್ಸಿಪಾಲರ ಮೇಜಿನ ಮೇಲೆ ಪ್ಲಾಸ್ಟಿಕಿಂದ್ ಇತ್ತ್. ತಟ್ಟಿಯಷ್ಟ್ ದೊಡ್ಡದ್."

"ಇದ್ ಪ್ಲಾಸ್ಟಿಕ್ ಅಲ್ಲ ಮಾರಾಯ್ತಿ," ಅತ್ತಿಗೆ ಮೊದಲ ಸಲ ನಕ್ಕಳು. "ಗಾಢ ಕೆಂಪ್. ಎಸಳಿನ ತುದಿ ಮಾತ್ರ ಬೆಳಿ. ಅಂಥದ್ ನಮ್ಮ ಬದಿಯಗೆ ಬೇರೆಲ್ಲೂ ಇಲ್ಲೆ."

ಅತ್ತಿಗೆಯ ತವರು ಶಂಕರನಾರಾಯಣದ ಹತ್ತಿರ. ಅಲ್ಲಿ ಅವಳ ಅಮ್ಮ ಅಂಗಳದ ಸುತ್ತ ಡೇರೆ ಬೆಳೆಸುತ್ತಿದ್ದರಂತೆ. ಯಾರ ಮನೆಯಲ್ಲಿ ಮದುವೆಯಾಗಲಿ, ಮಂಟಪಕ್ಕೆ ಹೂ ಅಲ್ಲಿಂದಲೇ. ಬೆಳಿಗ್ಗೆ ಇಬ್ಬನಿ ಆರುವ ಮೊದಲೇ ಉದ್ದ ದಂಟು ಬಿಟ್ಟು ಕೊಯ್ದು, ಕೊಡಪಾನದ ನೀರಲ್ಲಿ ಕುತ್ತಿಗೆವರೆಗೆ ಮುಳುಗಿಸಿ ಕಳಿಸುತ್ತಿದ್ದರು. ಈ ಮದುವೆಯ ಚಪ್ಪರಕ್ಕೆಂದು ಅವಳ ಅಣ್ಣ ಇಡೀ ಅಂಗಳಕ್ಕೆ ಸಿಮೆಂಟು ಹಾಕಿಸಿಬಿಟ್ಟ. ಸಿಮೆಂಟಿನ ಹಿಂದಿನ ದಿನ ಅವಳ ಅಮ್ಮ ಅಗೆದು ತೆಗೆದಿಟ್ಟ ಒಂದು ಬುಟ್ಟಿ ಬಿಟ್ಟರೆ ಆ ಹೂವಿನ ಜಾತಿ ಇನ್ನೆಲ್ಲೂ ಉಳಿದಿರಲಿಲ್ಲ. ಅದೇ ಬುಟ್ಟಿಯನ್ನು ಅಪ್ಪಯ್ಯ ಊರಿಗೆಲ್ಲ ಎತ್ತಿ ತೋರಿಸಿದ್ದು.

ಅಣ್ಣ ಮುಂಬಯಿಯ ಒಂದು ಹೋಟೆಲಲ್ಲಿ ಕ್ಯಾಶಿಯರ್. ರಜೆ ಮುಗಿಯಿತು, ಹೊರಟ. ಬ್ರಹ್ಮಾವರದಲ್ಲಿ ಬಸ್ಸಿಗೆ ಕಾಯುವಾಗ ಕೇಳಿದೆ.

"ಅತ್ಗೆ ಹತ್ರ ಎಂತ ಹೇಳ್ದೆ?"

"ದೀವಳ್ಗಿ ಕಳೀಲಿ, ರೂಮ್ ಹುಡ್ಕ್ತೆ. ಅಲ್ಲಿವರಿಗೆ ಸ್ವಲ್ಪ ಅಡ್ಜಸ್ಟ್ ಮಾಡ್ಕಣ್ಕ್ ಅಂದೆ."

"ಯಾರ್ ಅಡ್ಜಸ್ಟ್ ಮಾಡ್ಕಂಬುದ್?"

"ಎಲ್ಲರೂ ಮಾರಾಯ. ನಿನ್ನ ಅತ್ಗೆ, ನೀನ್, ಅಮ್ಮ."

"ನೀನ್ ಮಾತ್ರ ಬೊಂಬಾಯಿ ಬಸ್ ಹತ್ತ್," ಅಂದೆ. ಅವನ ಬ್ಯಾಗನ್ನು ಡಿಕ್ಕಿಗೆ ಎಸೆದೆ. ಒಳಗೆ ಉಪ್ಪಿನಕಾಯಿ ಬಾಟ್ಲಿ ಇದ್ದದ್ದು ಆಮೇಲೆ ನೆನಪಾಯಿತು. ಒಡೆಯಲಿ ಅಂದುಕೊಂಡೆ.

ಮಳೆ ಹಿಡಿಯಿತು. ಬುಟ್ಟಿ ಒಲೆಯ ಮೇಲಿನ ಅಡ್ಡ ಮರದಲ್ಲಿ ಹಗ್ಗಕ್ಕೆ ತೂಗುತ್ತಿತ್ತು. ನಾನು ಮಂದಿಯ ಗದ್ದೆಗಳಿಗೆ ಟಿಲ್ಲರ್ ಹೊಡೆದು ಕೆಸರು ಮೆತ್ತಿಕೊಂಡು ಬರುತ್ತಿದ್ದೆ. ಬಂದರೆ ಅತ್ತಿಗೆ ಬಿಸಿನೀರು ಕಾಯಿಸಿಟ್ಟಿರುತ್ತಿದ್ದಳು. ಜುಲೈ ತಿಂಗಳ ಕೊನೆಗೆ ಬುಟ್ಟಿ ಇಳಿಸಿ ನೋಡಿದಾಗ ದಂಟಿನ ಬುಡದಲ್ಲಿ ಕೆಂಪು ಕಣ್ಣುಗಳು ಉಬ್ಬಿದ್ದವು. ಇನ್ನು ಇಟ್ಟರೆ ಒಣಗುತ್ತದೆ ಅಂದಳು. ನೆಡುವುದೆಲ್ಲಿ? ಗದ್ದೆಯಲ್ಲಿ ನೀರು. ತೆಂಗಿನ ತೋಟದಲ್ಲಿ ನೆರಳು. ಮನೆಯ ಹಿಂದೆ ಹಟ್ಟಿ, ಬಸಿನೀರು. ಬಿಸಿಲು ಬಿದ್ದು ನೀರು ನಿಲ್ಲದ ಜಾಗ ಒಂದೇ, ಅಂಗಳದ ಮೂಡು ಮೂಲೆ.

ರಾತ್ರಿ ಗಂಜಿಗೆ ಕೂತಾಗ ನಾನೇ ಮಾತೆತ್ತಿದೆ. ಒಣ ಸಿಗಡಿ ಚಟ್ನಿ ಇತ್ತು. ಅಪ್ಪಯ್ಯನ ಮನಸ್ಸು ಚಟ್ನಿಗೆ ಸ್ವಲ್ಪ ಮೆತ್ತಗಾಗುತ್ತದೆ.

"ಮೂಡ್ ಮೂಲಿಯಗೆ ಅತ್ಗೆ ಡೇರೆ ನೆಡ್ತ್ ಅಂಬ್ರ್."

"ಅಂಗ್ಳದಗೆ? ಅಂಗ್ಳ ಇಪ್ಪುದ್ ಭತ್ತಕ್ಕೆ. ಹೂವಿನ ಎಕ್ಸಿಬಿಷನಿಗಲ್ಲ."

"ಈಗ ಅಲ್ಲಿ ಹುಲ್ಲ್ ಬಿಟ್ಟ್ ಎಂತ ಇತ್ತ್?"

"ಹುಲ್ಲಿಗೆ ಮರ್ಯಾದಿ ಇತ್ತ್. ಕೆತ್ತಿರೆ ಹೋತ್ತ್."

ಅತ್ತಿಗೆ ಬಡಿಸುವುದನ್ನು ನಿಲ್ಲಿಸಿ ನೇರ ಕೇಳಿದಳು. "ಅಂಗ್ಳ ಕೆತ್ತು ದಿನದವರಿಗೆ ಇಟ್ಕಂತೆ ಮಾವ. ಆಯ್ತಾ?"

ಅಪ್ಪಯ್ಯ ಅವಳನ್ನು ನೋಡಿದರು. ಅವರ ಹತ್ತಿರ ಹೀಗೆ ಒಂದೇ ಮಾತಲ್ಲಿ ಕೇಳುವವರು ಆ ಮನೆಯಲ್ಲಿ ಇರಲಿಲ್ಲ. ನಾವೆಲ್ಲ ಜಗಳದಿಂದಲೇ ಶುರುಮಾಡುವವರು.

"ಆಯ್ತ್. ಕೆತ್ತು ದಿನ ಬಂತ್ ಅಂದ್ರೆ ಹಾರೆ ಹಾಕುದೇ. ಮೊಗ್ಗಿತ್ತ್, ಹೂವಿತ್ತ್ ಅಂದೇಳಿ ಆ ಮೇಲೆ ಕಣ್ಣೀರ್ ಹಾಕಿ ಮರ್ಕುಕೆ ಇಲ್ಲೆ."

"ಮರ್ಕುದಿಲ್ಲ."

ಮರುದಿನ ನಾನು ಮುರಕಲ್ಲಿನ ಪುಡಿ, ಸುಡುಮಣ್ಣು ಹೊತ್ತು ತಂದು ಮೂಲೆಯಲ್ಲಿ ನಾಲ್ಕು ದಿಬ್ಬ ಮಾಡಿದೆ. ತರಗೆಲೆ ಮಣ್ಣು ಒಟ್ಟಿಗೆ ಸುಟ್ಟ ಆ ಸುಡುಮಣ್ಣು ತರಕಾರಿಗೆಂದು ಅಪ್ಪಯ್ಯ ಇಟ್ಟದ್ದು, ಕೇಳಲಿಲ್ಲ ನಾನು. ಅತ್ತಿಗೆ ಕತ್ತಿಯಿಂದ ಗೊಂಚಲನ್ನು ಸೀಳಿದಳು, ಪ್ರತಿ ತುಂಡಿಗೂ ದಂಟಿನ ಒಂದು ಚೂರು, ಒಂದು ಕಣ್ಣು ಬರುವ ಹಾಗೆ. ದಪ್ಪನೆಯ ಒಂದು ಗೆಡ್ಡೆ ಕಳಚಿ ಬಿತ್ತು. ಅದನ್ನು ಬದಿಗೆಸೆದಳು.

"ಅದ್ ಎಂತಕೆ ಬಿಸಾಡ್ದೆ? ಒಳ್ಳೆ ದಪ್ಪ ಇತ್ತಲೆ," ಅಂದಳು ಪ್ರೇಕ್ಷಾ.

"ಕಣ್ಣಿಲ್ಲೆ ಅದ್ಕೆ. ಎಷ್ಟ್ ದಪ್ಪ ಇದ್ರೂ ಮಣ್ಣೊಳ್ಗೆ ಸುಮ್ನೆ ಕೂಕಂತ್ತ್. ಮೊಳಕಿ ಬತ್ತಿಲ್ಲೆ."

"ನಮ್ಮ ನಿತೇಶಣ್ಣನ ಹಾಂಗೆ."

ಕೈಯಲ್ಲಿದ್ದ ಸುಡುಮಣ್ಣನ್ನು ಅವಳ ಜಡೆಗೆ ಹಾಕಿದೆ. ಅವಳು ಕಿರುಚಿದಳು, ಅಮ್ಮ ಒಳಗಿಂದ ಬೈದಳು, ಅತ್ತಿಗೆ ನಗುತ್ತಲೇ ನಾಲ್ಕು ದಿಬ್ಬಕ್ಕೂ ಹರಿದ ತೆಂಗಿನ ಮಡಲು ಕವುಚಿಟ್ಟಳು. ಮೊಳಕೆ ಬರುವವರೆಗೆ ಒಂದು ಹನಿ ನೀರೂ ತಾಗಬಾರದಂತೆ, ಕೊಳೆಯುತ್ತದಂತೆ. ಆ ಮಳೆಯಲ್ಲಿ!

ಬಂತು. ನಾಲ್ಕೂ ಬಂತು. ಗೇಣುದ್ದ ಆದಾಗ ಅತ್ತಿಗೆ ಒಂದು ಬೆಳಿಗ್ಗೆ ಎಲ್ಲದರ ತುದಿ ಚಿವುಟಿದಳು. ಜಗಲಿಯಲ್ಲಿ ಚಾ ಕುಡಿಯುತ್ತಿದ್ದ ಅಪ್ಪಯ್ಯ ಲೋಟ ಕೆಳಗಿಟ್ಟು ಎದ್ದೇ ನಿಂತರು.

"ಎಂತ ಹೆಣೆ ಅದ್! ಬೆಳ್ದದ್ದನ್ನ ಚೂಂಟುದಾ? ನಿಮ್ಮ ಬದಿಯಗೆ ಹೀಂಗಾ ಬೇಸಾಯ?"

"ಚೂಂಟಿರೆ ಕವಲ್ ಒಡಿತ್ತ್ ಮಾವ."

"ಭತ್ತಕ್ಕೂ ಹಾಂಗೇ ಚೂಂಟ್ವಾ ನಾವ್? ಗದ್ದೆಗೆ ಕತ್ರಿ ತಕಂಡ್ ಹೋಯ್ಕಾ?"

ಬೈದರು. ಆದರೆ ಆ ದಿನದಿಂದ ಬೆಳಿಗ್ಗೆ ಗದ್ದೆಗೆ ಹೋಗುವ ದಾರಿ ಬದಲಾಯಿತು. ಮೊದಲು ಪಡು ಬದಿಯ ಬೇಲಿಯ ದಣಪೆ ದಾಟಿ ಹೋಗುತ್ತಿದ್ದವರು ಈಗ ಮೂಡು ಮೂಲೆ ಸುತ್ತಿ ಹೋಗುತ್ತಿದ್ದರು. ಗಿಡ ಕವಲೊಡೆಯಿತು. ಅತ್ತಿಗೆ ಆಸರೆಗೆ ನೆಟ್ಟ ಕೋಲಿಗೆ ಪ್ಲಾಸ್ಟಿಕ್ ಹುರಿ ಕಟ್ಟಿದ್ದಳು. ಒಂದು ಮಧ್ಯಾಹ್ನ ನೋಡಿದರೆ ಹುರಿ ಇರಲಿಲ್ಲ, ಅದರ ಬದಲು ಬಾಳೆನಾರು, ಎಂಟರ ಹಾಗೆ ಸಡಿಲ ಸುತ್ತಿ ಕಟ್ಟಿದ್ದು. ಆ ಕಟ್ಟು ನಮ್ಮ ಮನೆಯಲ್ಲಿ ಒಬ್ಬರಿಗೇ ಬರುತ್ತದೆ. ಅತ್ತಿಗೆ ಕೇಳಿದಳು.

"ನಾರ್ ಕಟ್ಟಿದ್ ನೀವಾ ಮಾವ?"

"ನಂಗೆ ಬೇರೆ ಕೆಲ್ಸ ಇಲ್ಯಾ? ಕುತ್ತಿಗಿಗೆ ಉರ್ಲ್ ಹಾಕಿದಾಂಗೆ ಕಟ್ಟಿದ್ದಿ. ನನ್ನ ಅಂಗ್ಳದಗೆ ಜೀವ ಹೋಪುದ್ ಬೇಡ ಅಂದೇಳಿ."

ಬೋಟುಗಳು ಮತ್ತೆ ಸಮುದ್ರಕ್ಕೆ ಇಳಿದವು. ಸೈಕಲ್ಲಿನ ಮೀನಿನವ ಬರಲು ಶುರುವಾದ. ಇಷ್ಟು ದಿನ ಒಣ ಮೀನು ತಿಂದ ನಾಲಗೆಗೆ ಹಸಿ ಬಂಗಡೆ ಸಾರು ಬಿದ್ದು ಮನೆಯೇ ಖುಷಿಯಲ್ಲಿತ್ತು. ಅಪ್ಪಯ್ಯ ಎರಡು ದಿನ ಯಾರಿಗೂ ಬೈಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತ ಹೊರಗೆ ಬಂದರೆ ಮೂಲೆಯಲ್ಲಿ ಅತ್ತಿಗೆ ಕುಕ್ಕುರುಗಾಲಲ್ಲಿ ಕುಳಿತಿದ್ದಳು. ಮೂರು ದಿಬ್ಬ ಒಡೆದು ಹರಡಿತ್ತು. ಗಿಡ ಬೇರು ಮೇಲಾಗಿ ಬಿದ್ದಿತ್ತು. ಗೆಡ್ಡೆ ಇಲ್ಲ. ಅವಳು ಅಲ್ಲಲ್ಲಿ ಬಿದ್ದ ಚೂರುಗಳನ್ನು ಹೆಕ್ಕಿ ಸೆರಗಿಗೆ ಹಾಕುತ್ತಿದ್ದಳು, ಯಾವುದರಲ್ಲೂ ಕಣ್ಣಿರಲಿಲ್ಲ.

ಒಳಗೆ ಅಪ್ಪಯ್ಯ ಗಂಜಿ ಉಣ್ಣುತ್ತಿದ್ದರು. ನಾನು ಪೇಸ್ಟು ಉಗುಳದೆಯೇ ಹೋದೆ.

"ಕೆತ್ತು ದಿನದವರಿಗೆ ಅಂದೇಳಿ ಮಾತ್ ಕೊಟ್ಟ್, ಕದ್ದ್ ಹಾರೆ ಹಾಕುಕೆ ನಾಚ್ಕಿ ಆತಿಲ್ಯಾ ನಿಮ್ಗೆ?"

"ಬಾಯಿ ತೊಳ್ಕಂಡ್ ಬಾ ಮೊದ್ಲ್. ನೊರಿ ಕಂಡ್ರೆ ಮರ್ಲ್ ಹಿಡ್ದ ನಾಯಿ ಕಂಡಾಂಗ್ ಆತ್ತ್."

"ಮಾತ್ ತಿರ್ಗಿಸ್ಬೇಡಿ! ಆ ಹೆಣ್ ಎಂತ ಮಾಡಿತ್ತ್ ನಿಮ್ಗೆ? ಬಂದ ದಿನದಿಂದ..."

"ಹಾರೆ ಹಾಕುದಾದ್ರೆ ಹಗ್ಲ್ ಹೊತ್ತಿಗೆ, ನಿನ್ನ ಎದ್ರಿಗೇ ಹಾಕ್ತೆ. ನಿನ್ನ ಹೆದ್ರಿಕಿ ನಂಗಿಲ್ಲೆ."

"ಸಾಕ್, ನಿಲ್ಸಿ!" ಅಮ್ಮನ ಕೈಯ ಸೌಟು ನೆಲಕ್ಕೆ ಬಿತ್ತು. "ಮೀನ್ ತೊಳ್ದ್ ನೀರ್ ಹೊಯ್ದದ್ ನಾನ್. ಎರಡ್ ದಿನವೂ ಹೊಯ್ದಿದ್ದೆ. ಮೆಣ್ಸಿನ ಗಿಡಕ್ಕೆ ಹೊಯ್ದ್ರೆ ಹ್ಯಾಂಗ್ ಬತ್ತ್ ಅಂದೇಳಿ... ಹೆಣ್ಣಿನ ಹೂ ಬೇಗ ಆಯ್ಲಿ ಅಂದೇಳಿ... ನಾಲ್ಕನೇದಕ್ಕೆ ನೀರ್ ಸಾಕಾಯ್ಲಿಲ್ಲ." ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

ಮೀನಿನ ವಾಸನೆಗೆ ಹೆಗ್ಗಣ ಬಂದಿತ್ತು. ಬಂದದ್ದು ಗೆಡ್ಡೆಯನ್ನೂ ತಿಂದಿತ್ತು.

"ಕಂಡ್ಯಾ?" ಅಪ್ಪಯ್ಯ ಬಟ್ಟಲಿಗೆ ಇನ್ನಷ್ಟು ಗಂಜಿ ಹಾಕಿಕೊಂಡರು. "ಹೆಗ್ಗಣಕ್ಕೆ ಸಾರ್ ಸಮೇತ ಬಡ್ಸಿದ್ ನಿನ್ನ ಅಮ್ಮ. ಇನ್ನ್ ಅದಕ್ಕೂ ನನ್ಗೇ ಬೈ."

ಅತ್ತಿಗೆ ಬಾಗಿಲಲ್ಲಿ ಬಂದು ನಿಂತಿದ್ದಳು. ಕಣ್ಣು ಕೆಂಪಾಗಿತ್ತು. ಅವಳು ಅಮ್ಮನ ಹತ್ತಿರ ಹೋಗಿ ಸೌಟು ಹೆಕ್ಕಿಕೊಟ್ಟಳು.

"ಒಳ್ಳೇದಕ್ಕೇ ಹೊಯ್ದದ್ದಲ್ದಾ ಅತ್ತೆ. ಮರ್ಕ್‌ಬೇಡಿ. ಒಂದ್ ಇತ್ತಲೆ."

"ನನ್ನ ಕೈ ಕಡಿಕ್."

"ಕಡ್ದ್ರೆ ನಾಳೆ ಮೀನ್ ತೊಳುದ್ ಯಾರ್? ಮಾವನಾ?"

ಅಮ್ಮ ಅಳುತ್ತಲೇ ನಕ್ಕಳು. ಆ ದಿನದಿಂದ ಅವರಿಬ್ಬರು ಒಂದು ಪಕ್ಷ. ಮೀನು ತೊಳೆದ ನೀರು ತೋಟದ ಆಚೆ ಕೊನೆಗೆ ಹೋಯಿತು. ಸಂಜೆ ಅಪ್ಪಯ್ಯ ಎಲ್ಲಿಂದಲೋ ಕಬ್ಬಿಣದ ಬೋನು ತಂದು ಮೂಲೆಯಲ್ಲಿಟ್ಟರು, ತೆಂಗಿನ ಸಸಿಗೆ ಹೆಗ್ಗಣದ ಕಾಟ ಅಂತ. ತೆಂಗಿನ ಸಸಿ ಇದ್ದದ್ದು ಮನೆಯ ಇನ್ನೊಂದು ದಿಕ್ಕಿಗೆ. ಉಳಿದ ಒಂದು ಗಿಡದ ಸುತ್ತ ಬಿದಿರಿನ ಮುಳ್ಳು ಹೂತರು, ದನ ಬರುತ್ತದೆ ಅಂತ. ನಮ್ಮ ದನ ಹಗ್ಗ ಬಿಚ್ಚಿದರೂ ಹಟ್ಟಿಯಿಂದ ಏಳದ ಸೋಮಾರಿ.

ಅಣ್ಣ ಭಾನುವಾರ ಫೋನು ಮಾಡುತ್ತಿದ್ದ. ಅತ್ತಿಗೆ ಮಾತಾಡಿ ಮುಗಿಸಿದ ಮೇಲೆ ನಾನು ರಿಸೀವರ್ ತೆಗೆದುಕೊಂಡೆ.

"ನಿನ್ನ ಹೆಂಡ್ತಿದ್ ಒಂದೇ ಗಿಡ ಉಳ್ದಿತ್ತ್. ಅಪ್ಪಯ್ಯ ಅಂಗ್ಳ ಕೆತ್ತುವಾಗ ಅದೂ ಹೋತ್ತ್. ಒಂದ್ ಮಾತ್ ಹೇಳ್ ಅವ್ರಿಗೆ."

"ಒಂದ್ ಹೂವಿನ ಗಿಡಕ್ಕೆ ಎಸ್‌ಟಿಡಿಯಗೆ ಜಗ್ಳ ಮಾಡುದಾ ಮಾರಾಯ? ಇಲ್ಲಿ ದಾದರ್ ಮಾರ್ಕೆಟಗೆ ಬೇಕಾದಷ್ಟ್ ಸಿಕ್ಕತ್ತ್."

ಫೋನು ಕುಕ್ಕಿದೆ. ಅತ್ತಿಗೆ ಬಾಗಿಲ ಬಳಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. "ಅವ್ರಿಗೆ ಹೇಳ್ಬೇಡ ನಿತೇಶ. ಮಾವನಿಗೂ ಹೇಳ್ಬೇಡ. ನಾನೇ ಒಪ್ಪ್‌ಕಂಡದ್ದಲ್ದಾ," ಅಂದಳು.

"ಹಸಿ ಗೆಡ್ಡಿ ತೆಗ್ದ್ರೆ ಉಳಿತ್ತಾ?"

"ಹೂ ಬಿಟ್ಟ್, ಗಿಡ ಒಣ್ಗಿ, ಆ ಮೇಲೆ ತೆಗಿಕ್. ಈಗ ತೆಗ್ದ್ರೆ ನೀರ್ ನೀರ್ ಇರತ್ತ್. ಸುಕ್ಕಿ ಹೋತ್ತ್."

"ಬೇರೆ ಬದಿಗೆ ನೆಟ್ರೆ?"

"ಈ ಹೊತ್ತಿಗೆ ಬೇರ್ ಕಡ್ದ್ರೆ ಸಾಯತ್ತ್."

ಅಷ್ಟೇ ವಿಷಯ. ಗಿಡ ಹೋದರೆ ಅವಳ ಅಮ್ಮನ ಅಂಗಳದ್ದು ಎಂದು ಈ ಭೂಮಿಯ ಮೇಲೆ ಏನೂ ಉಳಿಯುವು‌ದಿಲ್ಲ.

ಮಳೆ ಹಿಂದೆ ಸರಿಯಿತು. ಗದ್ದೆ ಹಳದಿಗೆ ತಿರುಗಿತು. ಡೇರೆ ನನ್ನ ಸೊಂಟದವರೆಗೆ ಬಂದು ಮೊಗ್ಗು ಬಿಟ್ಟಿತು. ಅತ್ತಿಗೆ ಬದಿಯ ಮೊಗ್ಗುಗಳನ್ನೆಲ್ಲ ತೆಗೆದು ನಡುವಿನ ಒಂದನ್ನೇ ಉಳಿಸಿದಳು; ಹೂ ದೊಡ್ಡದಾಗಲಿಕ್ಕೆ. ಪ್ರೇಕ್ಷಾ ದಿನಾ ಕಾಲೇಜಿಗೆ ಹೋಗುವಾಗ ಅದರ ಹತ್ತಿರ ಬೇಗ ಬೇಗ ಅಂತ ಹೇಳಿ ಹೋಗುತ್ತಿದ್ದಳು. ಮೊಗ್ಗು ಗೋಲಿಯಷ್ಟಾಗಿ, ನಿಂಬೆಯಷ್ಟಾಗುವ ಮೊದಲೇ ಅಪ್ಪಯ್ಯ ಊಟದ ಮಧ್ಯೆ ಹೇಳಿದರು: "ನಾಳೆ ಕುಷ್ಟ ಬತ್ತ. ಅಂಗ್ಳ ಕೆತ್ತುದ್."

ಕುಷ್ಟ ನಮ್ಮ ಗದ್ದೆ ಕೆಲಸದ ಆಳು. ಅಮ್ಮ ಅಪ್ಪಯ್ಯನಿಗೆ ಎರಡನೆಯ ಸಲ ಸಾರು ಬಡಿಸಲಿಲ್ಲ. ಅವರು ಕೇಳಲೂ ಇಲ್ಲ.

ಬೆಳಿಗ್ಗೆ ನಾನು ಜಗಳಕ್ಕೆ ತಯಾರಾಗಿಯೇ ಎದ್ದೆ. ಹೇಳಬೇಕಾದದ್ದನ್ನೆಲ್ಲ ತಲೆಯಲ್ಲಿ ಸಾಲಾಗಿ ಇಟ್ಟುಕೊಂಡಿದ್ದೆ. ಹೊರಗೆ ಬಂದರೆ ಕುಷ್ಟ ಆಗಲೇ ಮೂರು ಮೂಲೆಗೆ ಗೂಟ ಹೊಡೆದು, ನಾಲ್ಕನೆಯದನ್ನು ಡೇರೆಯ ಬುಡದ ಆಚೆ ಹೊಡೆಯುತ್ತಿದ್ದ. ಅಪ್ಪಯ್ಯ ಹುರಿಯ ಉಂಡೆ ಹಿಡಿದು ನಿಂತಿದ್ದರು. ಅತ್ತಿಗೆ ಒಳಗಿಂದ ಬಂದಳು, ಒಂದು ಕೈಯಲ್ಲಿ ಬೂದಿ ತುಂಬಿದ ಬುಟ್ಟಿ, ಒಂದು ಕೈಯಲ್ಲಿ ಸಣ್ಣ ಹಾರೆ. ನೇರ ಮೂಲೆಗೆ ಹೋಗಿ ಬಿದಿರಿನ ಮುಳ್ಳನ್ನು ಒಂದೊಂದಾಗಿ ಕಿತ್ತು ಬದಿಗಿಡಲು ಶುರುಮಾಡಿದಳು.

"ಎಂತ ಮಾಡುದ್ ಅದ್?" ಅಪ್ಪಯ್ಯ ಕೇಳಿದರು.

"ಕೆತ್ತು ದಿನ ಬಂತಲೆ ಮಾವ. ಬೇರೆಯವ್ರ ಹಾರೆ ಬೇಡ. ನಾನೇ ತೆಗಿತೆ."

ಅವಳ ದನಿಯಲ್ಲಿ ಅಳು ಇರಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ. ನಾನು ಬಾಯಿ ತೆರೆದೆ. ಅಪ್ಪಯ್ಯ ನನ್ನ ಕಡೆ ತಿರುಗಿ ಕೈ ಎತ್ತಿದರು, ಬಸ್ಸು ನಿಲ್ಲಿಸುವ ಹಾಗೆ.

"ನೀನ್ ಎಂತದೂ ಒದರ್ಬೇಡ." ಮತ್ತೆ ಅತ್ತಿಗೆಗೆ: "ಹಾರೆ ಕೆಳ್ಗಿಡ್. ನನ್ನ ಅಂಗ್ಳಕ್ಕೆ ನಾನ್ ಹೇಳದೆ ಯಾರೂ ಹಾರೆ ಹಾಕುಕಿಲ್ಲೆ. ಕುಷ್ಟಂಗೆ ಚಾ ಆಯ್ಲಿಲ್ಲ. ಹೋಗ್."

ಅತ್ತಿಗೆ ಎದ್ದಳು. ಅರ್ಥವಾಗದೆ ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿ, ಬುಟ್ಟಿಯನ್ನು ಅಲ್ಲೇ ಬಿಟ್ಟು ಒಳಗೆ ಹೋದಳು.

"ಗೂಟ ಕೀಳ್ ಕುಷ್ಟ. ಎರಡ್ ಮಾರ್ ಇತ್ಲಾಗೆ ಹಾಕ್."

"ಮೂಲಿ ತಪ್ಪುತ್ತಲೆ ದುಗ್ಗಪ್ಪಣ್ಣ?"

"ತಪ್ಪ್ಲಿ."

"ಭತ್ತ ಬಡುಕೆ ಹಡಿಮಂಚ ಎಲ್ಲಿ ಹಾಕುದ್? ಹುಲ್ಲ್ ಕುತ್ರಿಗೆ ಜಾಗ?"

"ನಿನ್ನ ತಲಿ ಮೇಲ್ ಹಾಕುದ್. ಹೇಳಿದ್ ಮಾಡ್."

ಹುರಿ ಮೂಡು ಬದಿಗೆ ಬಂದು ಅಲ್ಲಿ ಮುರಿದು ಒಳಕ್ಕೆ ತಿರುಗಿ, ಮತ್ತೆ ಹೊರಕ್ಕೆ ಹೋಯಿತು. ಆ ಜಾಗವನ್ನು ಕುಷ್ಟನಿಗೂ ಬಿಡಲಿಲ್ಲ, ನನಗೂ ಬಿಡಲಿಲ್ಲ. ಅಪ್ಪಯ್ಯ ಸಣ್ಣ ಹಾರೆ ಹಿಡಿದು ಕುಳಿತುಕೊಂಡೇ ಕೆತ್ತಿದರು, ಬೇರಿಗೆ ಪೆಟ್ಟಾಗದಂತೆ, ನಡುನಡುವೆ ಕೈಯಿಂದಲೇ ಮಣ್ಣು ಬಿಡಿಸುತ್ತ. ನೆಲ ಬಡಿಯುವಾಗಲೂ ಗಿಡದ ಹತ್ತಿರ ಮಣೆ ಜೋರಾಗಿ ಬೀಳಬಾರದು ಅಂದರು. ನನ್ನ ತಲೆಯಲ್ಲಿ ಸಾಲಾಗಿ ಇಟ್ಟ ಮಾತುಗಳೆಲ್ಲ ಹಾಗೇ ಉಳಿದವು. ಆ ಸಿಟ್ಟಿಗೆ ಸೆಗಣಿಯ ಹೆಡಿಗೆ ಹೊತ್ತೆ, ಕುಷ್ಟ ಹೊರುವುದಕ್ಕಿಂತ ಎರಡು ಪಟ್ಟು.

ದೀವಳಿಗೆ ಹತ್ತಿರ ಬಂದಾಗ ಭತ್ತ ಅಂಗಳಕ್ಕೆ ಬಂತು. ಹೂ ಆ ವಾರವೇ ಅರಳಿತು. ಕಪ್ಪು ಅನ್ನುವಷ್ಟು ಕೆಂಪು, ಪ್ರತಿ ಎಸಳಿನ ತುದಿಗೂ ಸುಣ್ಣದಲ್ಲಿ ಅದ್ದಿದ ಹಾಗೆ ಬಿಳಿ, ಅಗಲ ನನ್ನ ಎರಡು ಅಂಗೈ ಸೇರಿಸಿದಷ್ಟು. ಕೊಯ್ದು ಒಳಗೆ ನೀರಲ್ಲಿಡು ಅಂತ ಅಮ್ಮ ಹೇಳಿದರೂ ಅತ್ತಿಗೆ ಕೊಯ್ಯಲಿಲ್ಲ. ಮೊದಲನೆಯದು ಗಿಡದಲ್ಲೇ ಇರಲಿ ಅಂದಳು. ಮುಂದಿನದ್ದು ನಿಂಗೆ ಅಂತ ಪ್ರೇಕ್ಷಾಳಿಗೆ ಮಾತು ಕೊಟ್ಟಳು.

ಬಡಿಯುವ ದಿನ ಅಕ್ಕಪಕ್ಕದ ಆಳುಗಳೆಲ್ಲ ಇದ್ದರು. ಮರದ ಪಟ್ಟಿಯ ಹಡಿಮಂಚಗಳನ್ನು ಇಕ್ಕಟ್ಟಲ್ಲಿ ಓರೆಯಾಗಿ ಇಟ್ಟು ಭತ್ತದ ಸೂಡಿ ಬಡಿಯುತ್ತಿದ್ದರು. ಒಬ್ಬನ ಮೊಣಕೈ ಇನ್ನೊಬ್ಬನ ಬೆನ್ನಿಗೆ ತಾಗುತ್ತಿತ್ತು. ಮಂಜಯ್ಯ ಮುಯ್ಯಾಳಾಗಿ ಬಂದಿದ್ದ. ಅವನು ಸೂಡಿಯನ್ನು ಕೆಳಗಿಟ್ಟು, ಸೊಂಟಕ್ಕೆ ಕೈಕೊಟ್ಟು, ಎಲ್ಲರಿಗೂ ಕೇಳುವ ಹಾಗೆ ಕೂಗಿದ.

"ಹ್ವಾಯ್ ದುಗ್ಗಪ್ಪಣ್ಣ! ಊರಿಗೆಲ್ಲ ಅಂಗ್ಳ ಮಾಡುಕೆ ಕಲ್ಸುವವ್ರ್ ನೀವ್. ನಿಮ್ಮ ಅಂಗ್ಳವೇ ಹೀಂಗ್ ಸೊಟ್ಟ ಎಂತಕೆ ಆಯ್ತ್? ಕಣ್ಣ್ ಮಂಜಾಯ್ತಾ, ಇಲ್ಲಾ ಸೊಸೆಗೆ ಹೆದ್ರಿದ್ರ್ಯಾ?"

ಬಡಿಯುವ ಸದ್ದು ಒಂದೊಂದಾಗಿ ನಿಂತಿತು. ಎಲ್ಲರೂ ಕಾದರು. ಅತ್ತಿಗೆ ಬೆಲ್ಲ ನೀರಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಳು. ಮಂಜಯ್ಯನಿಗೆ ಇನ್ನು ಎಂತ ಕಾದಿದೆಯೋ ಎಂದು ನಾನೂ ಸೂಡಿ ಎತ್ತಿದ ಕೈ ಎತ್ತಿದ ಹಾಗೇ ನಿಂತೆ.

ಅಪ್ಪಯ್ಯನ ಬಾಯಿ ಒಮ್ಮೆ ತೆರೆಯಿತು. ಮುಚ್ಚಿತು. ಅವರು ಹೆಗಲ ಮೇಲಿನ ಬೈರಾಸು ತೆಗೆದು, ಭತ್ತದ ಧೂಳು ಕೊಡವಿ, ತಲೆಗೆ ಸುತ್ತಿಕೊಂಡರು. ಆಮೇಲೆ ಹೂವಿನ ಬದಿಯಿಂದಲೇ, ಅದಕ್ಕೆ ಮೈ ತಾಗದ ಹಾಗೆ ಒಂದು ಹೆಜ್ಜೆ ಸುತ್ತು ಹಾಕಿ, ಬಾವಿಕಟ್ಟೆಯ ಕಡೆಗೆ ನಡೆದು ಹೋದರು.